ನಾರ್ಮಲ್ ನಾಲ್ಕರ ಗೆರೆ

ನಮ್ಮ ಮನೆಯಲ್ಲಿ ಯಾರೂ ಗುಟ್ಟಾಗಿ ಒಂದು ಮಾತ್ರೆ ನುಂಗುವ ಹಾಗಿರಲಿಲ್ಲ. ಸ್ಟ್ರಿಪ್ಪಿನಿಂದ ಮಾತ್ರೆಯನ್ನು ಒತ್ತಿ ತೆಗೆಯುವಾಗ ಆಗುವ ಸದ್ದು ಎಷ್ಟು ಸಣ್ಣದು ಹೇಳಿ. ಅದು ಅಡುಗೆಮನೆಯಲ್ಲಿ ಆದರೂ ಮುಂದಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದ ಚಿಕ್ಕಮ್ಮನಿಗೆ ಕೇಳಿಸುತ್ತಿತ್ತು. ಕೂತಲ್ಲಿಂದಲೇ ಕೂಗುತ್ತಿದ್ದಳು.

"ಯಾರದು? ಯಾವ ಮಾತ್ರೆ? ಯಾಕೆ?"

ತಲೆನೋವು ಎಂದರೆ ಸಾಲದು. ಎಷ್ಟು ದಿನದಿಂದ, ಯಾರು ಹೇಳಿದ್ದು, ಮೊದಲು ಹೀಗೆ ಆಗಿತ್ತಾ, ಎಲ್ಲಕ್ಕೂ ಉತ್ತರ ಕೊಟ್ಟ ಮೇಲೆಯೇ ಬಿಡುಗಡೆ. ತಿಂಗಳ ಹೊಟ್ಟೆನೋವಿಗೆ ನಾನು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಮಾತ್ರೆ ತೆಗೆದದ್ದೂ ಇದೆ. ಬಾಗಿಲು ತೆರೆದರೆ ಎದುರಿಗೆ ನಿಂತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ನಾನೇನು ನಿನ್ನ ಲ್ಯಾಬಿಗೆ ರಕ್ತ ಕೊಡೋಕೆ ಬಂದವಳಾ ಚಿಕ್ಕಮ್ಮ?"

"ಅಲ್ಲ. ಆದ್ರೂ ಯಾಕೆ ಅಂತ ಹೇಳು."

ಇದನ್ನು ನಾವು ಅವಳ ವಯಸ್ಸಿನ ಗೀಳು ಎಂದುಕೊಂಡಿದ್ದೆವು. ಅಮ್ಮನಂತೂ "ಸೂಜಿ ಹಿಡಿದೂ ಹಿಡಿದೂ ಇವಳ ತಲೆಗೂ ಚುಚ್ಚಿಕೊಂಡಿದೆ" ಎಂದು ನಗಾಡುತ್ತಿದ್ದಳು. ಹನ್ನೊಂದು ವರ್ಷ ಹೀಗೆಯೇ ನಕ್ಕೆವು. ಆ ಹನ್ನೊಂದು ವರ್ಷವೂ ಅವಳು ಒಬ್ಬರೇ ಒಬ್ಬರಿಗೆ ಹೇಳಬೇಕಾದ ಒಂದೇ ಒಂದು ಮಾತನ್ನು ಹೇಳಲಾಗದೆ ಓಡಾಡುತ್ತಿದ್ದಳು ಎಂದು ನನಗೆ ಗೊತ್ತಾದದ್ದು ಅವಳು ನಿವೃತ್ತಿಯಾಗುವುದಕ್ಕೆ ಇಪ್ಪತ್ತು ದಿನ ಇರುವಾಗ. ನಕ್ಕದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ರಕ್ತ ಹೇಗೆ ಹೆಪ್ಪುಗಟ್ಟುತ್ತದೆ, ಗಾಯ ಯಾಕೆ ಊದಿಕೊಳ್ಳುತ್ತದೆ ಎಂದು ಸಂಶೋಧನೆ ಮಾಡುವ ಕಟ್ಟಡವೊಂದರಲ್ಲಿ ಮೂವತ್ತನಾಲ್ಕು ವರ್ಷ ತಂತ್ರಜ್ಞೆಯಾಗಿದ್ದಳು. ಡಾಕ್ಟರೂ ಅಲ್ಲ, ವಿಜ್ಞಾನಿಯೂ ಅಲ್ಲ. ಅಲ್ಲಿನ ಮುಖ್ಯಸ್ಥರಾದ ದೊಡ್ಡ ಡಾಕ್ಟರು ಬರೆದ ಪ್ರಬಂಧಗಳ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಕೃತಜ್ಞತೆಗಳ ಸಾಲಿನಲ್ಲಿ ಅವಳ ಹೆಸರು ಸಿಗುತ್ತದೆ. ಕೆಲವು ಕಡೆ ಅದೂ ತಪ್ಪಾಗಿ ಅಚ್ಚಾಗಿದೆ. ಆದರೆ ಕೈಗುಣ ಎಂದರೆ ಅವಳದು. ನರ ಸಿಗುವುದಿಲ್ಲ ಎಂದು ನಾಲ್ಕು ಕಡೆ ಚುಚ್ಚಿಸಿಕೊಂಡು ಬಂದವರಿಗೂ ಒಂದೇ ಸಲಕ್ಕೆ ಸೂಜಿ ಹಾಕುತ್ತಿದ್ದಳು, ಮಾತು ಮುಗಿಯುವುದರೊಳಗೆ ರಕ್ತ ಕೊಳವೆಗೆ ಬಂದಿರುತ್ತಿತ್ತು.

ಅವಳ ಕೋಣೆ ಎರಡನೆಯ ಮಹಡಿಯ ಮೂಲೆಯಲ್ಲಿತ್ತು. ಚಿಕ್ಕವಳಿದ್ದಾಗ ರಜೆಯಲ್ಲಿ ನನ್ನನ್ನು ಅಲ್ಲಿಗೆ ಕರೆದೊಯ್ದು ಎತ್ತರದ ಸ್ಟೂಲಿನ ಮೇಲೆ ಕೂರಿಸುತ್ತಿದ್ದಳು, "ಏನನ್ನೂ ಅಲ್ಲಾಡಿಸಬೇಡ" ಎಂಬ ಒಂದೇ ಷರತ್ತಿನ ಮೇಲೆ. ಅಲ್ಲಿ ಯಾರೂ ಬಾಗಿಲು ಬಡಿಯುವಂತಿರಲಿಲ್ಲ, ಓಡುವಂತಿರಲಿಲ್ಲ. ರಕ್ತವನ್ನು ನಿಧಾನಕ್ಕೆ ತಿರುಗಿಸಿದರೆ ಕೆಂಪು ಕೆಳಗೆ ಕೂತು, ಮೇಲೆ ತೆಳು ಹಳದಿ ನೀರು ನಿಲ್ಲುತ್ತದೆ. ಪ್ಲೇಟ್‌ಲೆಟ್‌ಗಳು ಇರುವುದು ಆ ಹಳದಿ ನೀರಿನಲ್ಲಿ. ಅವು ಮಹಾ ಮುಂಗೋಪಿಗಳು. ಜೋರಾಗಿ ಅಲ್ಲಾಡಿಸಿದರೆ ಮುನಿಸು, ತಣ್ಣಗೆ ಇಟ್ಟರೆ ಮುನಿಸು, ಮೂರು ನಾಲ್ಕು ಗಂಟೆ ಕಾಯಿಸಿದರಂತೂ ಕೆಲಸವೇ ಕೆಟ್ಟಿತು. ಚಿಕ್ಕಮ್ಮ ಕೊಳವೆಯನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಓರೆ ಮಾಡುತ್ತಿದ್ದಳು. ಒಳಗೆ ರೇಷ್ಮೆ ಮಡಿಕೆಯ ಹಾಗೆ ಏನೋ ಸುಳಿಯುತ್ತಿತ್ತು. "ನೋಡು, ಚೆನ್ನಾಗಿವೆ, ಬದುಕಿವೆ" ಎನ್ನುತ್ತಿದ್ದಳು.

ಪ್ರೋಸ್ಟಗ್ಲಾಂಡಿನ್ ಎಂಬ ಬಾಯಿ ತಿರುಗದ ಹೆಸರನ್ನು ಅವಳು ನನಗೆ ವಿವರಿಸಿದ್ದು ಊಟದ ಮೇಜಿನ ಮುಂದೆ. ಮೈಯಲ್ಲಿ ಎಲ್ಲಾದರೂ ಪೆಟ್ಟಾದರೆ ನೋವು, ಊತ, ಜ್ವರ ಎಲ್ಲದರ ಹಿಂದೆಯೂ ಆ ಕುಟುಂಬದವರ ಕೈ ಇರುತ್ತದಂತೆ.

"ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳು ಅಂದ್ಕೋ. ಒಬ್ಬಳು ರಕ್ತನಾಳದ ಗೋಡೇಲಿ ಕೂತು, ಗುಂಪು ಕಟ್ಟಬೇಡಿ, ನಡೀರಿ ನಡೀರಿ ಅಂತಾಳೆ. ಇನ್ನೊಬ್ಬಳು ಪ್ಲೇಟ್‌ಲೆಟ್ ಒಳಗಿದ್ಕೊಂಡು, ಬನ್ನಿ ಬನ್ನಿ, ಎಲ್ಲ ಒಟ್ಟಿಗೆ ಸೇರ್ಕೊಳ್ಳಿ ಅಂತಾಳೆ. ಇಬ್ಬರ ಜಗಳ ಸರಿಸಮ ಇರೋವರೆಗೂ ನಾವು ಚೆನ್ನಾಗಿರ್ತೀವಿ."

"ಅಂದ್ರೆ ನನ್ನ ನಿನ್ನ ಥರ" ಎಂದಳು ಅಮ್ಮ.

"ನಿನ್ನ ಬಾಯಿ ಮುಚ್ಚಿಸೋ ಮಾತ್ರೆ ಇನ್ನೂ ಬಂದಿಲ್ಲ ಅಕ್ಕ. ಅವಳದಕ್ಕಾದ್ರೆ ಇದೆ."

ಆ ಮಾತ್ರೆ ಆಸ್ಪಿರಿನ್. ಚಿಕ್ಕದೊಂದು ಬಿಳಿ ಮಾತ್ರೆ 'ಬನ್ನಿ ಬನ್ನಿ' ಎನ್ನುವವಳ ಬಾಯಿ ಮುಚ್ಚಿಸುತ್ತದೆ. ಪ್ಲೇಟ್‌ಲೆಟ್ ಬದುಕುವುದು ಹೆಚ್ಚೆಂದರೆ ಹತ್ತು ದಿನ. ಒಮ್ಮೆ ಬಾಯಿ ಮುಚ್ಚಿದ ಪ್ಲೇಟ್‌ಲೆಟ್ ಸಾಯುವವರೆಗೂ ಹಾಗೆಯೇ. ಆದ್ದರಿಂದ ಅವರ ಸಂಶೋಧನೆಗೆ ರಕ್ತ ಕೊಡುವವರು ಹಿಂದಿನ ಹತ್ತು ದಿನ ಅಂಥ ಮಾತ್ರೆ ಮುಟ್ಟಿರಬಾರದು. ಸೂಜಿ ಹಾಕುವ ಮೊದಲು ಚಿಕ್ಕಮ್ಮ ಅಚ್ಚಾದ ಹಾಳೆ ಹಿಡಿದು ಮೂರು ಪ್ರಶ್ನೆ ಕೇಳಬೇಕಿತ್ತು. ಮಾತ್ರೆ ತೆಗೆದುಕೊಂಡಿದ್ದೀರಾ? ಬೀಡಿ ಸಿಗರೇಟು ಸೇದಿದ್ದೀರಾ? ಬೆಳಿಗ್ಗೆ ಎಣ್ಣೆ ಜಿಡ್ಡಿನದೇನಾದರೂ ತಿಂದಿದ್ದೀರಾ? ಹೌದು, ಇಲ್ಲ, ಅಷ್ಟೇ. ನಾಲ್ಕನೆಯ ಪ್ರಶ್ನೆ ಆ ಹಾಳೆಯಲ್ಲಿರಲಿಲ್ಲ.

ರೋಗಿಗಳ ರಕ್ತವನ್ನು ಹೋಲಿಸಿ ನೋಡಲು ಕಾಯಿಲೆ ಇಲ್ಲದವರ ರಕ್ತವೂ ಬೇಕಾಗುತ್ತದೆ. ಅವರಿಗೆ ಅಲ್ಲಿ ಹೆಸರಿಲ್ಲ, ನಾರ್ಮಲ್ ಒಂದು, ನಾರ್ಮಲ್ ಎರಡು ಎಂದು ಸಂಖ್ಯೆ. ಒಂದರಿಂದ ಮೂರರವರೆಗಿನವರು ಬಂದರು, ಹೋದರು. ಗಟ್ಟಿಯಾಗಿ ನಿಂತವರು ನಾರ್ಮಲ್ ನಾಲ್ಕು. ಅವರು ಆ ಕಟ್ಟಡದ ಗೇಟು ಕಾಯುವವರು.

ಐವತ್ತು ದಾಟಿದ ಮನುಷ್ಯ, ಉದ್ದ ಕೈ, ಹಗ್ಗದ ಹಾಗೆ ಎದ್ದು ಕಾಣುವ ನರ. ತಿಂಗಳಿಗೊಂದು ಸಲ ಬೆಳಿಗ್ಗೆ ಒಂಬತ್ತೂವರೆಗೆ ಮೇಲೆ ಬಂದು, ತಾವೇ ಅಂಗಿಯ ತೋಳು ಮಡಚಿ ಕೂರುತ್ತಿದ್ದರು. ಆ ಪಟ್ಟದ ಬಗ್ಗೆ ಅವರಿಗಿದ್ದ ಜಂಬ ಅಷ್ಟಿಷ್ಟಲ್ಲ. ಗೇಟಿನಲ್ಲಿ ಯಾವ ಡಾಕ್ಟರು ತಡವಾಗಿ ಬಂದರೂ, "ಈ ಬಿಲ್ಡಿಂಗಲ್ಲಿ ಇಷ್ಟು ಜನ ಇದ್ದೀರಿ ಸರ್, ನಾರ್ಮಲ್ ಅಂತ ಬರೆದುಕೊಟ್ಟಿರೋದು ನನಗೊಬ್ಬನಿಗೇ" ಎಂದು ಕಾಲೆಳೆಯುತ್ತಿದ್ದರು. ರಕ್ತ ಕೊಟ್ಟು ಹತ್ತಿಯ ಉಂಡೆಯನ್ನು ಮೊಣಕೈ ಮಡಿಕೆಯಲ್ಲಿ ಅದುಮಿಕೊಂಡು ಇಳಿದುಹೋದರೆ, ಮಧ್ಯಾಹ್ನ ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ಕೇಳುತ್ತಿದ್ದರು.

"ಮೇಡಂ, ನನ್ನ ಗೆರೆ ಹೇಗೆ ಬಂತು?"

ಆ ಯಂತ್ರವನ್ನು ನಾನೂ ನೋಡಿದ್ದೇನೆ. ಬೆರಳಿನಷ್ಟು ಗಾಜಿನ ಕೊಳವೆಯಲ್ಲಿ ಹಳದಿ ನೀರು, ಅದರೊಳಗೆ ಗಿರಗಿರನೆ ತಿರುಗುವ ಒಂದು ಚೂರು ಕಬ್ಬಿಣ, ಹಿಂದಿನಿಂದ ಒಂದು ದೀಪ. ನೀರು ಮಬ್ಬಾಗಿರುವವರೆಗೂ ಬೆಳಕು ದಾಟುವುದಿಲ್ಲ. ಎರಡು ತೊಟ್ಟು ಔಷಧಿ ಬಿಟ್ಟರೆ ಪ್ಲೇಟ್‌ಲೆಟ್‌ಗಳು ಗುಂಪು ಸೇರುತ್ತವೆ, ನೀರು ತಿಳಿಯಾಗುತ್ತದೆ, ಬೆಳಕು ದಾಟುತ್ತದೆ. ಆಗ ಪಕ್ಕದ ಕಾಗದದ ಮೇಲೆ ಪೆನ್ನು ಸರ್ರನೆ ಗೆರೆ ಏರಿಸುತ್ತದೆ. ಆಸ್ಪಿರಿನ್ ತಿಂದವರ ರಕ್ತವಾದರೆ ಪೆನ್ನು ಕದಲುವುದಿಲ್ಲ, ಗೆರೆ ಚಪ್ಪಟೆ.

ನಾರ್ಮಲ್ ನಾಲ್ಕರ ಗೆರೆ ಯಾವಾಗಲೂ ಏರುತ್ತಿತ್ತು. ನಾಲ್ಕು ವರ್ಷ ಏರಿದ ಮೇಲೆ ಚಿಕ್ಕಮ್ಮ ಮೂರು ಪ್ರಶ್ನೆ ಕೇಳುವುದನ್ನೂ ಬಿಟ್ಟಳು. "ಎಂದಿನ ಹಾಗೇನಾ?" ಎನ್ನುವಳು. "ಎಂದಿನ ಹಾಗೇ" ಎನ್ನುವರು. ಮೂರು ಕಡೆ 'ಇಲ್ಲ' ಎಂದು ಬರೆದು ಸೂಜಿ ಹಾಕುವಳು.

ಒಂದು ಸೋಮವಾರ ಆ ಗೆರೆ ಚಪ್ಪಟೆ ಬಂತು.

ಚಿಕ್ಕಮ್ಮ ಮೊದಲು ಔಷಧಿಯನ್ನು ಬೈದಳು. ಗಾಳಿ ತಾಗಿದರೆ ಅದು ಬೇಗ ಕೆಡುತ್ತದಂತೆ. ಹೊಸ ಸೀಸೆ ಒಡೆದಳು, ಚಪ್ಪಟೆ. ತನ್ನದೇ ರಕ್ತ ತೆಗೆದು ಹಾಕಿದಳು, ಗೆರೆ ಸರಿಯಾಗಿ ಏರಿತು. ಅಂದರೆ ದೋಷ ಸೀಸೆಯದಲ್ಲ. ದೊಡ್ಡ ಡಾಕ್ಟರು ಎರಡು ವಾರದಲ್ಲಿ ಹೊರಗಿನ ಸಮ್ಮೇಳನವೊಂದಕ್ಕೆ ಹೋಗಲಿದ್ದರು, ಕೊನೆಯ ಕೆಲವು ಗೆರೆಗಳಿಗಾಗಿ ಅವಳ ಪ್ರಾಣ ತಿನ್ನುತ್ತಿದ್ದರು. ಅವಳು ಸಿಟ್ಟಿನಲ್ಲೇ ಗೇಟಿಗೆ ಇಳಿದಳು.

"ಮಾತ್ರೆ ತಿಂದಿದ್ದೀರಾ?"

ಅವರು ಕಳ್ಳತನ ಸಿಕ್ಕಿಬಿದ್ದವರ ಹಾಗೆ ತಲೆ ಕೆರೆದುಕೊಂಡರು. "ಒಂದು ಸಣ್ಣದು ಮೇಡಂ. ಬಿಳೀದು. ದಿನಕ್ಕೊಂದು, ಒಂದು ಇಪ್ಪತ್ತು ದಿನದಿಂದ."

"ಹಾಗಾದ್ರೆ ಎಂದಿನ ಹಾಗೇ ಅಂತ ಯಾಕೆ ಹೇಳಿದ್ರಿ? ನನ್ನ ಎರಡು ಸೀಸೆ ದಂಡ! ಇವತ್ತಿಂದ ಹತ್ತು ದಿನ ಅದನ್ನ ಮುಟ್ಟಕೂಡದು. ಹನ್ನೊಂದನೇ ದಿನ ಬಂದು ಕೊಡಿ. ಆಗುತ್ತಾ?"

"ಅಷ್ಟೇ ತಾನೇ? ಹತ್ತು ದಿನ ಏನು ಮಹಾ. ನಿಮ್ಮ ಗೆರೆ ಕೆಡಿಸ್ತೀನಾ ಮೇಡಂ?" ಎಂದರು ಅವರು.

ಯಾಕೆ ಎಂದು ಅವಳು ಕೇಳಲಿಲ್ಲ. ಇಷ್ಟು ವರ್ಷಗಳ ನಂತರ ನನ್ನ ಮುಂದೆ ಕೂತು ಇದನ್ನು ಹೇಳುವಾಗ ಚಿಕ್ಕಮ್ಮ ತನಗೆ ತಾನೇ ಒಂದಿಷ್ಟೂ ರಿಯಾಯಿತಿ ಕೊಡಲಿಲ್ಲ.

"ದಿನಕ್ಕೊಂದು ಸಣ್ಣ ಬಿಳಿ ಮಾತ್ರೆ ಅಂದ್ರೆ ಯಾವುದಕ್ಕೆ ಅಂತ ಆ ಬಿಲ್ಡಿಂಗಲ್ಲಿ ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿತ್ತು? ಹೃದಯಕ್ಕೆ ಅಂತ ಕಣ್ಣು ಮುಚ್ಚಿ ಹೇಳಬಹುದಿತ್ತು. ಆದ್ರೆ ಆ ಹೊತ್ತಲ್ಲಿ ನನಗೆ ಮನುಷ್ಯ ಕಾಣಲಿಲ್ಲ ಕಣೇ. ಗೆರೆ ಕಾಣ್ತು."

ಹನ್ನೊಂದನೆಯ ದಿನ ಅವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಮೆಟ್ಟಿಲು ಹತ್ತಿ ಬಂದು ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಕೂತರಂತೆ. ಚಿಕ್ಕಮ್ಮ "ವಯಸ್ಸಾಯ್ತು ನಿಮಗೆ" ಎಂದು ತಮಾಷೆ ಮಾಡಿದಳು. ಅವರೂ ನಕ್ಕರು. ರಕ್ತ ಕೊಟ್ಟು, ಹತ್ತಿಯ ಉಂಡೆ ಅದುಮಿಕೊಂಡು ಇಳಿದುಹೋದರು.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಅವಳು ಔಷಧಿಯ ತೊಟ್ಟು ಬಿಟ್ಟಳು. ಪೆನ್ನು ಒಂದು ಕ್ಷಣ ತಡೆದು, ಸರ್ರನೆ ಏರಿ, ಕಾಗದದ ಅಂಚಿನವರೆಗೂ ಹೋಯಿತು. ನಾಲ್ಕು ವರ್ಷದಲ್ಲಿ ಅಷ್ಟು ಕಡಿದಾದ, ಅಷ್ಟು ಚೊಕ್ಕವಾದ ಗೆರೆ ಅವಳು ನೋಡಿರಲಿಲ್ಲ. ಖುಷಿಗೆ ಮಧ್ಯಾಹ್ನದವರೆಗೆ ಕಾಯಲಾಗಲಿಲ್ಲ. ಕಾಗದ ಹರಿದುಕೊಂಡು, ತಾನೇ ಹಾಕಿದ ನಿಯಮ ಮರೆತು, ಮೆಟ್ಟಿಲಲ್ಲಿ ಓಡಿದಳು.

ಗೇಟಿನ ಹತ್ತಿರ ಜನ ಸೇರಿದ್ದರು. ಅವರು ಕುರ್ಚಿಯಲ್ಲೇ ಒಂದು ಕಡೆ ವಾಲಿದ್ದರು. ಇಬ್ಬರು ಡಾಕ್ಟರು ಅವರನ್ನು ನೆಲಕ್ಕೆ ಮಲಗಿಸಿ ಎದೆ ಒತ್ತತೊಡಗಿದರು. ಆ ಗಲಾಟೆಯಲ್ಲೂ ಹತ್ತಿಯ ಉಂಡೆ ಮೊಣಕೈ ಮಡಿಕೆಯಲ್ಲಿ ಹಾಗೇ ಇತ್ತು. ಆಸ್ಪತ್ರೆ ರಸ್ತೆಯಾಚೆಗೇ ಇದ್ದರೂ ಪ್ರಯೋಜನವಾಗಲಿಲ್ಲ. ಹೃದಯದ ನಾಳದಲ್ಲಿ ರಕ್ತ ಗಟ್ಟಿಯಾಗಿತ್ತು. ಅವರ ಪರ್ಸಿನಲ್ಲಿ ಒಂದು ಔಷಧಿ ಚೀಟಿ ಸಿಕ್ಕಿತು, ಒಂದು ತಿಂಗಳ ಹಿಂದಿನದು, ಎದೆನೋವಿಗೆ ಬರೆದದ್ದು. ಕಟ್ಟಡದಲ್ಲಿ ಯಾರಿಗೂ ಅವರು ಅದನ್ನು ಹೇಳಿರಲಿಲ್ಲ. ಹೇಳಿದ್ದರೆ ನಾರ್ಮಲ್ ಪಟ್ಟ ಹೋಗುತ್ತಿತ್ತಲ್ಲ.

ಮೇಲೆ ಕೋಣೆಯಲ್ಲಿ ಯಂತ್ರ ಇನ್ನೂ ನಡೆಯುತ್ತಿತ್ತು. ಚಿಕ್ಕಮ್ಮ ವಾಪಸ್ ಹತ್ತಿ ಬಂದಾಗ ಅವರ ರಕ್ತದ ನೀರು ಕೊಳವೆಯಲ್ಲಿ ಬೆಚ್ಚಗೆ ತಿರುಗುತ್ತಿತ್ತು. ಇನ್ನೊಂದು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದಳಂತೆ. ಪ್ಲೇಟ್‌ಲೆಟ್‌ಗಳು ಇನ್ನೂ ಸುಳಿಯುತ್ತಿದ್ದವು. ಆ ಹೊತ್ತಿಗೆ ರಸ್ತೆಯಾಚೆಯ ಆಸ್ಪತ್ರೆಯಲ್ಲಿ ಅವರ ಮುಖಕ್ಕೆ ಬಟ್ಟೆ ಮುಚ್ಚಿದ್ದರು.

ಅವಳು ಅಂದೇ ದೊಡ್ಡ ಡಾಕ್ಟರಿಗೆ ಎಲ್ಲ ಹೇಳಿದಳು. ಅವರು ಕೆಟ್ಟವರಲ್ಲ. "ನಿಲ್ಲಿಸಿದ್ದರಿಂದಲೇ ಆಯಿತು ಅಂತ ಯಾರೂ ಹೇಳೋಕಾಗಲ್ಲ. ಮಾತ್ರೆ ತಿಂತಿದ್ದರೂ ಆಗಬಹುದಿತ್ತು. ಅದರಿಂದ ಅಲ್ಲ ಅಂತಲೂ ನಾನು ಹೇಳೋದಿಲ್ಲ" ಎಂದರು. ಆಮೇಲೆ, "ಸದ್ಯಕ್ಕೆ ಯಾರ ಮುಂದೂ ಬೇಡ" ಎಂದರು. ಆ ಸದ್ಯ ಹನ್ನೊಂದು ವರ್ಷ ನಡೆಯಿತು. ನನಗೆ ಈ ದೊಡ್ಡವರ 'ಸದ್ಯಕ್ಕೆ' ಕೇಳಿದರೆ ಈಗಲೂ ರೇಗುತ್ತದೆ.

ಇನ್ನೊಂದು ವಿಷಯವಿದೆ. ಕಾಯಿಲೆ ಇದ್ದವರ ರಕ್ತ ನಾರ್ಮಲ್ ಎಂದು ನಡೆಯುವುದಿಲ್ಲವಾದ್ದರಿಂದ ಆ ಗೆರೆಯನ್ನು ಪ್ರಬಂಧದಿಂದ ತೆಗೆದುಹಾಕಿದರು. ಯಾವ ಗೆರೆಗಾಗಿ ಅವರು ಹತ್ತು ದಿನ ಮಾತ್ರೆ ಬಿಟ್ಟರೋ ಅದು ಯಾವ ಕೆಲಸಕ್ಕೂ ಬರಲಿಲ್ಲ. ಕಾಗದವನ್ನು ಚಿಕ್ಕಮ್ಮ ಮಡಚಿ ತನ್ನ ಚೀಲದಲ್ಲಿಟ್ಟುಕೊಂಡಳು. ಮತ್ತು ಆ ಅಚ್ಚಾದ ಹಾಳೆಯ ಮೇಲೆ, ಮೂರು ಪ್ರಶ್ನೆಗಳ ಕೆಳಗೆ, ಪೆನ್ನಿನಲ್ಲಿ ನಾಲ್ಕನೆಯದನ್ನು ಬರೆದಳು. ಯಾಕೆ? ಅಂದಿನಿಂದ ಅಲ್ಲಿಗೆ ಬಂದ ಪ್ರತಿಯೊಬ್ಬರಿಗೂ, ಮನೆಯಲ್ಲಿ ನಮಗೂ, ಆ ಪ್ರಶ್ನೆ ತಪ್ಪಲಿಲ್ಲ.

ಎರಡು ತಿಂಗಳ ಮೇಲೆ ಗೇಟಿನ ಕೆಲಸವನ್ನು ಅವರ ಹೆಂಡತಿಗೆ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಆಕೆ ಬಂದು ಅದೇ ಕುರ್ಚಿಯಲ್ಲಿ ಕೂತರು. ಬೆಳಿಗ್ಗೆ ಎಂಟೂಮುಕ್ಕಾಲಿಗೆ ಚಿಕ್ಕಮ್ಮ ಗೇಟಿಗೆ ಬಂದರೆ, ಆಕೆ ಎದ್ದು ಬಾಗಿಲು ಸರಿಸಿ, "ಬಂದ್ರಾ ಅಕ್ಕ" ಎನ್ನುತ್ತಿದ್ದರು. ಸಂಜೆ "ಹೊರಟ್ರಾ ಅಕ್ಕ." ಹಿಂದಿನ ಗೇಟು ಬಳಸಿ ಹೋಗೋಣವೆಂದು ಚಿಕ್ಕಮ್ಮ ಕೆಲವು ದಿನ ನೋಡಿದಳು. ಆಕೆ ಮರುದಿನವೇ ಮೇಲೆ ಬಂದು, "ಯಾಕಕ್ಕ, ಹುಷಾರಿಲ್ವಾ, ಕಾಣಲೇ ಇಲ್ಲ" ಎಂದು ವಿಚಾರಿಸಿದರು. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಎರಡನೆಯ ವರ್ಷ ಒಂದು ಬೆಳಿಗ್ಗೆ ಆಕೆ ಚಿಕ್ಕಮ್ಮನನ್ನು ತಡೆದು ನಿಲ್ಲಿಸಿದರು. ಕೈಯಲ್ಲಿ ಟೀ ಲೋಟವಿತ್ತು.

"ಅಕ್ಕ, ನೀವು ಡಾಕ್ಟರ ಜೊತೆ ಇರೋರು. ಒಂದು ಕೇಳ್ತೀನಿ, ಯಾರಿಗೂ ಹೇಳಬೇಡಿ. ಹತ್ತು ದಿನ ಮಾತ್ರೆ ಬಿಟ್ರೆ ಮನುಷ್ಯ ಸಾಯ್ತಾನಾ?"

ಆಕೆ ತಲೆ ತಗ್ಗಿಸಿಯೇ ಹೇಳುತ್ತಾ ಹೋದರು.

"ದಿನಾ ಬೆಳಿಗ್ಗೆ ನಾನೇ ಕೈಗೆ ಮಾತ್ರೆ ನೀರು ಕೊಡ್ತಿದ್ದೆ. ಒಂದಿನ ರೇಗಿ ಅಂದ್ಬಿಟ್ಟೆ. ನಿಮ್ಮ ಮಾತ್ರೆ ಹಿಡ್ಕೊಂಡು ಹಿಂದೆ ಹಿಂದೆ ಓಡಾಡೋದೇ ನನ್ನ ಕೆಲಸವಾ, ಬೇಕಿದ್ರೆ ತಿನ್ನಿ ಇಲ್ಲದಿದ್ರೆ ಬಿಡಿ ಅಂತ. ಮಾರನೇ ದಿನದಿಂದ ಗೇಟಲ್ಲಿ ಟೀ ಜೊತೆ ತಗೋತೀನಿ ಅಂತ ಜೇಬಿಗೆ ಹಾಕ್ಕೊಳ್ಳೋಕೆ ಶುರು ಮಾಡಿದ್ರು. ಆಸ್ಪತ್ರೇಲಿ ಅವರ ಶರ್ಟು ಕೊಟ್ರಲ್ಲ, ಜೇಬಲ್ಲಿ ಕಾಗದದಲ್ಲಿ ಸುತ್ತಿಟ್ಟ ಹತ್ತು ಮಾತ್ರೆ ಹಾಗೇ ಇದ್ವು ಅಕ್ಕ. ಎಣಿಸಿದೆ. ನನ್ನ ಮೇಲಿನ ಸಿಟ್ಟಿಗೆ ಬಿಟ್ಟಿದ್ರು. ನನ್ನ ಬಾಯೇ ಅವರನ್ನ ತಿಂತು."

ಹೇಳುವುದಾದರೆ ಅಂದೇ ಹೇಳಬೇಕಿತ್ತು. ಒಂದು ವಾಕ್ಯ ಸಾಕಿತ್ತು. ನಿಮ್ಮ ಮಾತಿಗಲ್ಲ, ನನ್ನ ಮಾತಿಗೆ ಬಿಟ್ಟರು. ಚಿಕ್ಕಮ್ಮ ಬಾಯಿ ತೆರೆದಳು. ಹೊರಬಂದದ್ದು ದೊಡ್ಡ ಡಾಕ್ಟರ ಮಾತು.

"ಹಾಗೆಲ್ಲ ಹೇಳೋಕಾಗಲ್ಲ ಅಮ್ಮ."

ಆಕೆ "ಹೂಂ" ಎಂದು ಟೀ ಲೋಟ ತೊಳೆಯಲು ಹೋದರು. ಮುಂದೆ ಒಂಬತ್ತು ವರ್ಷ ಆ ವಿಷಯ ಎತ್ತಲಿಲ್ಲ.

ಅಲ್ಲಿಂದ ಮುಂದೆಯೇ ಚಿಕ್ಕಮ್ಮನಿಗೆ ಅವರು ಕಾಡಲು ಶುರುಮಾಡಿದ್ದು. ಕಾಡುವುದು ಎಂದರೆ ಬಿಳಿ ಬಟ್ಟೆ ಉಟ್ಟು ಗಾಳಿಯಲ್ಲಿ ತೇಲುವುದೇನಲ್ಲ, ಅಂಥ ಕಥೆಗಳಿಗೆ ಅವಳು ಮೂಗು ಮುರಿಯುವವಳು. ಹಾಡುಹಗಲು, ಕೆಲಸದ ನಡುವೆ. ಯಾರದಾದರೂ ಗೆರೆ ಚೆನ್ನಾಗಿ ಏರಿತೋ, ಮೆಟ್ಟಿಲ ಬುಡದಿಂದ ದನಿ ಕೇಳುತ್ತಿತ್ತು. ಮೇಡಂ, ನನ್ನ ಗೆರೆ ಹೇಗೆ ಬಂತು? ಮೊದಮೊದಲು ಹೋಗಿ ಬಗ್ಗಿ ನೋಡುತ್ತಿದ್ದಳು. ಆಮೇಲೆ ಕೂತಲ್ಲೇ ಮೆಲ್ಲಗೆ "ಚೆನ್ನಾಗಿ ಬಂತು" ಎನ್ನತೊಡಗಿದಳು. ಉತ್ತರ ಕೊಟ್ಟರೆ ದನಿ ನಿಲ್ಲುತ್ತಿತ್ತಂತೆ. ಪಕ್ಕದಲ್ಲಿ ಕೆಲಸ ಮಾಡುವವರು ಅವಳು ಯಂತ್ರದ ಜೊತೆ ಮಾತಾಡುತ್ತಾಳೆ ಎಂದುಕೊಂಡರು. ಪೆನ್ನಿನ ಯಂತ್ರ ಹೋಗಿ ಕಂಪ್ಯೂಟರ್ ಪರದೆ ಬಂತು. ಗೆರೆ ಕಾಗದ ಬಿಟ್ಟು ಪರದೆಗೆ ಹೋಯಿತು. ದನಿ ಮಾತ್ರ ಮೆಟ್ಟಿಲ ಬುಡದಲ್ಲೇ ಉಳಿಯಿತು.

ಫ್ರೀಜರ್ ಇನ್ನೊಂದು ಕಾಟ. ಪ್ರತಿ ತಿಂಗಳು ಮಿಕ್ಕ ರಕ್ತದ ನೀರನ್ನು ಕಿರುಬೆರಳಿನಷ್ಟು ಸೀಸೆಗಳಲ್ಲಿ ತುಂಬಿ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿ ಇಡುವುದು ವಾಡಿಕೆ. ನಾರ್ಮಲ್ ನಾಲ್ಕರದು ಖರ್ಚಾಗದೆ ಉಳಿದ ಹದಿನಾರು ಸೀಸೆಗಳಿದ್ದವು. ಮನುಷ್ಯ ಹೋದ ಮೇಲೂ ಅವು ಇದ್ದವು. ಬೇರೇನನ್ನೋ ತೆಗೆಯಲು ಬಾಗಿಲು ತೆರೆದರೆ ಹಿಮದ ಹೊಗೆಯಲ್ಲಿ ತನ್ನದೇ ಅಕ್ಷರ ಕಾಣುತ್ತಿತ್ತು. ಹಳೆಯದನ್ನು ಖಾಲಿ ಮಾಡಿ ಎಂದು ಎರಡು ಸಲ ಆದೇಶ ಬಂತು. ಎರಡು ಸಲವೂ ಅವಳು ಆ ಡಬ್ಬಿಯನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದಳು. ಒಮ್ಮೆ ಕರೆಂಟು ಹೋದಾಗ ರಜೆಯ ದಿನವೇ ಓಡಿಹೋಗಿದ್ದು ನನಗೆ ನೆನಪಿದೆ. "ಅಲ್ಲೇನು ನಿನ್ನ ಬಂಗಾರ ಇದೆಯಾ?" ಎಂದು ನಾನೇ ಹಂಗಿಸಿದ್ದೆ.

ನಿವೃತ್ತಿಗೆ ಇಪ್ಪತ್ತು ದಿನ ಇರುವಾಗ ಮೂರನೆಯ ಆದೇಶ ಬಂತು. ಇನ್ನು ತಳ್ಳಲು ಹಿಂದೆ ಜಾಗವಿರಲಿಲ್ಲ, ಮುಂದೆ ದಿನಗಳೂ ಇರಲಿಲ್ಲ. ಹದಿನಾರು ಸೀಸೆಗಳನ್ನು ಹೊರಗಿಟ್ಟಳು. ಅವು ಮೇಜಿನ ಮೇಲೆ ಬೆವರಿ, ಕರಗಿ, ತೆಳು ಹಳದಿಯಾಗುವವರೆಗೆ ಎದುರಿಗೇ ಕೂತಳು. ನಂತರ ನಿಯಮದ ಪ್ರಕಾರ ಆವಿಯಲ್ಲಿ ಬೇಯಿಸಿ ವಿಲೇವಾರಿ ಮಾಡಿದಳು. ಅಂದು ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, ನನ್ನ ಮುಂದೆ ಕೂತು ಎಲ್ಲ ಹೇಳಿದಳು. ಕೊನೆಗೆ ಕೇಳಿದಳು.

"ಈಗ ಹೇಳ್ಲಾ ಬೇಡ್ವಾ? ಹೇಳದೆ ಹೋದ್ರೆ ಆಯಮ್ಮ ಸಾಯೋವರೆಗೂ ತನ್ನ ಬಾಯಿಗೇ ಶಾಪ ಹಾಕ್ಕೋತಾಳೆ. ಹೇಳಿದ್ರೆ, ಹನ್ನೊಂದು ವರ್ಷ ಅಕ್ಕ ಅಂತ ಕರೆದಿದ್ದು ಯಾರನ್ನ ಅಂತ ಗೊತ್ತಾಗುತ್ತೆ."

ನಾನು ಆಗ ಒಳ್ಳೆಯ ಉತ್ತರವನ್ನೇನೂ ಕೊಡಲಿಲ್ಲ. "ಇಷ್ಟು ವರ್ಷ ಆಯ್ತಲ್ಲ ಚಿಕ್ಕಮ್ಮ, ಬಿಟ್ಟುಬಿಡು" ಎಂದೆ. ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ. ಬಿಡುವಂಥದ್ದಾಗಿದ್ದರೆ ಎಂದೋ ಬಿಟ್ಟಿರುತ್ತಿದ್ದಳು.

ಕೊನೆಯ ದಿನ ಅವಳ ಸಾಮಾನು ಹೊತ್ತು ತರಲು ನಾನು ಹೋಗಿದ್ದೆ. ಮೇಲೆ ಬೀಳ್ಕೊಡುಗೆ ಮಾಡಿದರು. ದೊಡ್ಡ ಡಾಕ್ಟರು ಅವಳ ಕೈಗುಣವನ್ನು ಹೊಗಳಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ಮಧ್ಯಾಹ್ನ ಮೂರರ ಹೊತ್ತಿಗೆ ನಾವಿಬ್ಬರೂ ಕೆಳಗಿಳಿದೆವು. ನಾನು ಗಡಿಯಾರ ಹಿಡಿದಿದ್ದೆ. ಅವಳು ಏನೂ ಹಿಡಿದಿರಲಿಲ್ಲ, ಒಂದು ಮಡಚಿದ ಕಾಗದ ಬಿಟ್ಟು.

ಗೇಟಿನಲ್ಲಿ ಆಕೆ ಎದ್ದು ನಿಂತರು. ಕಣ್ಣು ಆಗಲೇ ತುಂಬಿತ್ತು.

"ಹೊರಟೇಬಿಟ್ರಾ ಅಕ್ಕ. ನಾಳೆಯಿಂದ ಯಾರನ್ನ ಬಂದ್ರಾ ಅಂತ ಕೇಳಲಿ?"

"ಕೂತ್ಕೊಳ್ಳಿ, ಒಂದು ಮಾತು ಹೇಳಬೇಕು" ಎಂದಳು ಚಿಕ್ಕಮ್ಮ.

ಆಕೆ ಕೂರಲಿಲ್ಲ. ಚಿಕ್ಕಮ್ಮ ನಿಂತೇ ಹೇಳಿದಳು. ಸುತ್ತಿ ಬಳಸಲಿಲ್ಲ, ಅಳಲಿಲ್ಲ, ದೊಡ್ಡ ಡಾಕ್ಟರ ಹೆಸರನ್ನು ಎತ್ತಲೂ ಇಲ್ಲ. ಅವರ ಗೆರೆ ಚಪ್ಪಟೆ ಬಂದದ್ದು, ತಾನು ರೇಗಿದ್ದು, ಹತ್ತು ದಿನ ಮುಟ್ಟಕೂಡದು ಎಂದದ್ದು, ಯಾಕೆ ಎಂದು ಕೇಳದೆ ಹೋದದ್ದು. "ನಿಮ್ಮ ಮಾತಿಗೆ ಅವರು ಮಾತ್ರೆ ಬಿಡಲಿಲ್ಲ. ನನ್ನ ಮಾತಿಗೆ ಬಿಟ್ಟರು. ನೀವು ಕೇಳಿದಾಗಲೇ ಹೇಳಬೇಕಿತ್ತು. ಹೆದರಿ ಹೇಳಲಿಲ್ಲ" ಎಂದಳು.

ಅಷ್ಟರಲ್ಲಿ ಹೊರಗೆ ಒಂದು ಕಾರು ಹಾರ್ನ್ ಮಾಡಿತು. ಆಕೆ ಹೋಗಿ ಗೇಟು ಸರಿಸಿದರು, ಕಾರು ಒಳಬಂದ ಮೇಲೆ ಮುಚ್ಚಿದರು, ಪುಸ್ತಕದಲ್ಲಿ ಅದರ ನಂಬರು ಬರೆದರು. ಪೆನ್ನಿನ ಮುಚ್ಚಳ ಹಾಕಿ, ನಮ್ಮ ಕಡೆ ತಿರುಗದೆಯೇ ಕೇಳಿದರು.

"ಗೆರೆ ಹೇಗೆ ಬಂತು?"

ಮೆಟ್ಟಿಲ ಬುಡದಿಂದ ಚಿಕ್ಕಮ್ಮ ಒಂಬತ್ತು ವರ್ಷ ಕೇಳಿದ ಮಾತು ಅದು.

"ರಕ್ತ ಕೊಟ್ಟ ದಿನ ಮನೆಗೆ ಬಂದು ಅದೊಂದೇ ಹೇಳ್ತಿದ್ದಿದ್ದು" ಎಂದರು ಆಕೆ. "ಈ ಸಲ ಗೆರೆ ಚೆನ್ನಾಗಿ ಬಂತಂತೆ ಕಣೇ ಅಂತ. ಆವತ್ತಿಂದು ಒಂದು ಹೇಳಲಿಲ್ಲ."

ಚಿಕ್ಕಮ್ಮ ಕಾಗದ ಬಿಡಿಸಿ ಕೊಟ್ಟಳು. ಹನ್ನೊಂದು ವರ್ಷ ಚೀಲದಲ್ಲಿದ್ದು ಮಡಿಕೆಗಳು ಸವೆದಿದ್ದವು, ನೀಲಿ ಗೆರೆ ಮಾತ್ರ ಗಟ್ಟಿಯಾಗಿತ್ತು. ಆಕೆ ಅದನ್ನು ಗೇಟಿನ ಕಟ್ಟೆಯ ಮೇಲೆ ಹರಡಿ, ಗೆರೆ ಶುರುವಾಗುವಲ್ಲಿ ಬೆರಳಿಟ್ಟು, ಅದು ಏರುವ ಕಡೆ ಏರಿಸಿ, ಅಂಚಿಗೆ ಬಂದು ನಿಲ್ಲಿಸಿದರು. ಮತ್ತೊಮ್ಮೆ ಮೊದಲಿಂದ ಎಳೆದರು.

"ಚೆನ್ನಾಗಿ ಬಂದಿದೆ" ಎಂದರು.

ಕಾಗದವನ್ನು ಅದೇ ಹಳೆಯ ಮಡಿಕೆಗಳಲ್ಲಿ ಮಡಚಿ ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಅದೇ ಚೀಲದ ಒಳಜೇಬಿನಿಂದ ಒಂದು ಸಣ್ಣ ಪೊಟ್ಟಣ ತೆಗೆದರು. ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ಕು ಸುತ್ತಿದ್ದ ಪೊಟ್ಟಣ. ಬಿಡಿಸಿದರೆ ಒಳಗೆ ಹತ್ತು ಮಾತ್ರೆ. ಬಿಳಿ ಬಣ್ಣ ಹೋಗಿ ಕಂದುಗಟ್ಟಿದ್ದವು, ಅಂಚು ಪುಡಿಯಾಗಿತ್ತು. ಚಿಕ್ಕಮ್ಮನ ಕೈ ಎಳೆದು, ಅಂಗೈ ಬಿಡಿಸಿ, ಅವುಗಳನ್ನು ಅದರಲ್ಲಿ ಸುರಿದು, ತಾವೇ ಒಂದೊಂದಾಗಿ ಅವಳ ಬೆರಳು ಮಡಚಿದರು.

"ಇಷ್ಟು ವರ್ಷ ನನ್ನದು ಅಂತ ಹೊತ್ಕೊಂಡು ತಿರುಗಿದೆ. ನನ್ನದಲ್ಲ ಇದು. ನಿನ್ನದು. ನೀನೇ ಇಟ್ಕೋ."

ಹನ್ನೊಂದು ವರ್ಷದಲ್ಲಿ ಆಕೆ ಅವಳನ್ನು ನೀನು ಎಂದದ್ದು ಅದೇ ಮೊದಲು. ಆಮೇಲೆ ಎಂದಿನ ಹಾಗೆ ಹೋಗಿ ನಮಗಾಗಿ ಗೇಟು ಸರಿಸಿದರು. ಹೊರಟ್ರಾ ಎಂದು ಕೇಳಲಿಲ್ಲ.

ಮೆಟ್ಟಿಲ ಬುಡದ ದನಿ ಅಂದಿನಿಂದ ನಿಂತಿದೆಯಂತೆ. ಅದರಿಂದ ಅವಳಿಗೆ ಸಮಾಧಾನವಾದಂತೆ ನನಗೆ ಕಾಣುವುದಿಲ್ಲ. ಗೋಡೆ ಗಡಿಯಾರ ಮುಂದಿನ ಕೋಣೆಯಲ್ಲಿದೆ. ಮಾತ್ರೆಗಳು ಅಡುಗೆಮನೆಯ ಮೇಲಿನ ಗೂಡಿನಲ್ಲಿ, ಮುಚ್ಚಳವಿರುವ ಗಾಜಿನ ಡಬ್ಬಿಯಲ್ಲಿವೆ. ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಚಿಕ್ಕಮ್ಮ ಹೋಗಿ ಆ ಡಬ್ಬಿ ಇಳಿಸುತ್ತಾಳೆ, ಮುಚ್ಚಳ ತೆಗೆದು ಹತ್ತೂ ಇವೆಯೇ ಎಂದು ಎಣಿಸುತ್ತಾಳೆ, 'ಇವೆ' ಎಂದು ಮತ್ತೆ ಮೇಲಿಡುತ್ತಾಳೆ. ನಾನು ಪಕ್ಕದಲ್ಲಿ ನಿಂತು ಪಾತ್ರೆ ತೊಳೆಯುತ್ತಿರುತ್ತೇನೆ. ಯಾಕೆ ಎಂದು ಕೇಳುವುದಿಲ್ಲ.